ಗಣಕ ಕಾಯಕಜೀವಿಗಳೂ ಸಂಘಬಲವೂ

ಹನ್ನೆರಡನೆಯ ಶತಮಾನದ ಶರಣರನ್ನು ಲೋಕವು ಇಂದಿಗೂ ಗುರುತಿಸುವುದು ಅವರವರ ಕಾಯಕದ ಮೂಲಕ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ ಮುಂತಾದವರ ಹೆಸರಿನಲ್ಲಿಯೇ ಕಸುಬು ಬೆರೆತುಕೊಂಡಿದೆ. ದೋಣಿ ನಡೆಸುವವನೂ ಹಗ್ಗ ಹೊಸೆಯುವವನೂ ಸಮಸಮನಾಗಿ ಕುಳಿತು ತಮ್ಮ ಬದುಕನ್ನು ಕುರಿತು ವಿಚಾರ ಮಾಡಿದರೆಂಬುದೇ ಅನುಭವ ಮಂಟಪದ ಹಿರಿಮೆ. ಕಾಯಕವು ಒಬ್ಬೊಬ್ಬನ ಕೈಯಲ್ಲಿ ನಡೆಯುವಂಥದು ನಿಜ. ಆದರೆ ಕಾಯಕಕ್ಕೆ ಮರ್ಯಾದೆಯೂ ರಕ್ಷಣೆಯೂ ದೊರೆಯುವುದು ಕಾಯಕದವರು ಒಂದೆಡೆ ಕೂಡಿದಾಗ. ಈ ಎರಡನೆಯ ಮಾತನ್ನು ಮರೆತಲ್ಲಿ ಮೊದಲನೆಯದು ಬರಿಯ ದುಡಿಮೆಯಾಗಿ ಉಳಿಯುತ್ತದೆ.

ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಇಂದಿನ ತರುಣ ತರುಣಿಯರಲ್ಲಿ ಅನೇಕರ ಕಾಯಕ ಗಣಕಯಂತ್ರದ ಮುಂದೆ ಸಾಗಿದೆ. ಎರೆಹೊಲದ ಒಕ್ಕಲು ಮನೆತನಗಳಲ್ಲಿ, ಮಗ್ಗದ ಮನೆಗಳಲ್ಲಿ, ಸಣ್ಣ ಅಂಗಡಿಕಾರರ ಕುಟುಂಬಗಳಲ್ಲಿ ಹುಟ್ಟಿ, ಮಠದ ಶಾಲೆಗಳಲ್ಲಿ ಕನ್ನಡದಲ್ಲಿ ಅಕ್ಷರ ಕಲಿತು, ಪ್ರಸಾದ ನಿಲಯಗಳಲ್ಲಿ ಉಂಡು, ಗದಗ, ಹುಬ್ಬಳ್ಳಿ, ಬಾಗಲಕೋಟೆಗಳ ಎಂಜಿನಿಯರಿಂಗ್ ಕಾಲೇಜುಗಳನ್ನು ದಾಟಿ ಅವರು ಬೆಂಗಳೂರು, ಪುಣೆ, ಹೈದರಾಬಾದುಗಳನ್ನು ಸೇರಿದ್ದಾರೆ. ಅವರ ಬುದ್ಧಿಶಕ್ತಿಯನ್ನಾಗಲಿ ಪರಿಶ್ರಮವನ್ನಾಗಲಿ ಯಾರೂ ಶಂಕಿಸಲಾರರು. ಆದರೆ ವೃತ್ತಿಯ ದೃಷ್ಟಿಯಿಂದ ಅವರಲ್ಲಿ ಬಹುಮಂದಿ ಒಬ್ಬಂಟಿಗರು. ವಕೀಲನಿಗೆ ವಕೀಲರ ಸಂಘವಿದೆ. ವೈದ್ಯನಿಗೆ ವೈದ್ಯರ ಸಂಘವಿದೆ. ಶಿಕ್ಷಕನಿಗೆ ಶಿಕ್ಷಕರ ಸಂಘವಿದೆ. ಪೇಟೆಯ ಅಡತಿಯವನಿಗೂ ಅಲ್ಲಿ ಚೀಲ ಹೊರುವ ಹಮಾಲನಿಗೂ ತಮ್ಮ ತಮ್ಮ ಸಂಘಗಳಿವೆ. ಮಾಹಿತಿ ತಂತ್ರಜ್ಞಾನದ ನೌಕರನಿಗೆ ಮಾತ್ರ ಕಂಪನಿಯು ಕೊರಳಿಗೆ ಹಾಕಿದ ಗುರುತಿನ ಚೀಟಿಯ ಹೊರತು ಬೇರೆ ಗುರುತಿಲ್ಲ. ಆ ಚೀಟಿಯನ್ನು ಒಪ್ಪಿಸಿ ಹೊರಬಿದ್ದ ದಿನ ಅವನ ಬೆನ್ನಿಗೆ ನಿಲ್ಲುವವರು ಯಾರು? ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಈ ಭಾಗದ ಗಣಕ ಕಾಯಕಜೀವಿಗಳು ತಮ್ಮ ವೃತ್ತಿಯ ಸಂಘಗಳನ್ನು ಸೇರಬೇಕು. ಊರ ಮಟ್ಟದಲ್ಲಿ ಅಂಥ ಸಂಘವಿಲ್ಲದ ಪಕ್ಷದಲ್ಲಿ ತಾವೇ ಕಟ್ಟಬೇಕು.

ಸಂಘ ಕಟ್ಟುವುದು ಈ ಮಣ್ಣಿಗೆ ಹೊಸತಲ್ಲ. ರೋಣದ ನೆರೆಯ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘವು ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯಾಪಾರ ನಡೆಸಿತೆಂಬುದಕ್ಕೆ ಶಾಸನಗಳೇ ಸಾಕ್ಷಿ. ಒಂಟಿ ವರ್ತಕನು ಹೋಗಲಾರದ ದೂರಕ್ಕೆ ಸಂಘದ ವರ್ತಕನು ಹೋದನು. ತರುವಾಯದ ಕಾಲದಲ್ಲಿ, 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದುದೇ ತಡ, 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ದೇಶದ ಸಹಕಾರ ಚಳವಳಿಯ ಇತಿಹಾಸವು ಆ ಸಣ್ಣ ಹಳ್ಳಿಯ ಹೆಸರಿನಿಂದ ಆರಂಭವಾಗುತ್ತದೆ. ಸಾಹುಕಾರನ ಬಾಗಿಲಲ್ಲಿ ಒಬ್ಬೊಬ್ಬನಾಗಿ ಕೈಕಟ್ಟಿ ನಿಲ್ಲುತ್ತಿದ್ದ ಒಕ್ಕಲಿಗನು ಕೂಡಿ ನಿಂತಾಗ ತಾನೇ ತನಗೆ ಸಾಲ ಕೊಡಬಲ್ಲವನಾದನು. ಕಣಗಿನಹಾಳದ ಪಾಠ ಇಷ್ಟೇ. ಆದರೆ ಅದು ಸಣ್ಣ ಪಾಠವಲ್ಲ.

ವಿದ್ಯೆಯ ಕ್ಷೇತ್ರದಲ್ಲಿಯೂ ಇದೇ ಕಥೆ. ಧಾರವಾಡದಲ್ಲಿ 1883ರಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದ ಹಿರಿಯರು ಕೂಡಿಸಿದ ವಿದ್ಯಾನಿಧಿ, 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಸ್ಥಾಪಿಸಿದ ಮಹಾಸಭೆ, 1916ರಲ್ಲಿ ಬೆಳಗಾವಿಯಲ್ಲಿ 7 ಜನ ಶಿಕ್ಷಕರು ಹುಟ್ಟುಹಾಕಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ – ಇವೆಲ್ಲವೂ ಒಬ್ಬರ ಸಂಪತ್ತಿನಿಂದ ಆದುವಲ್ಲ, ಹಲವರ ಸಂಕಲ್ಪದಿಂದ ಆದುವು. ಇನ್ನು ನರಗುಂದದ ಹೆಸರನ್ನು ಹೇಳಿದೊಡನೆ 1980ರ ಜುಲೈ 21 ನೆನಪಾಗದೆ ಇರದು. ಮಲಪ್ರಭೆಯ ನೀರಾವರಿ ಪ್ರದೇಶದ ರೈತರು ಅಭಿವೃದ್ಧಿ ಕರದ ಹೊರೆಯ ವಿರುದ್ಧ ಸಂಘಟಿತರಾಗಿ ನಿಂತರು. ನರಗುಂದ ನವಲಗುಂದಗಳಲ್ಲಿ ಗುಂಡಿನ ಸದ್ದು ಕೇಳಿತು, ಪ್ರಾಣಗಳು ಹೋದುವು. ಆ ಬಳಿಕ ರೈತ ಸಂಘಟನೆಯು ರಾಜ್ಯದ ತುಂಬ ಹಬ್ಬಿತು. ಆ ರೈತರ ಮೊಮ್ಮಕ್ಕಳೇ ಇಂದು ಗಣಕಯಂತ್ರದ ಮುಂದೆ ಕುಳಿತಿರುವರು. ಅಜ್ಜನಿಗಿದ್ದ ಸಂಘಪ್ರಜ್ಞೆ ಮೊಮ್ಮಗನಿಗೆ ಇಲ್ಲವಾದರೆ ಅದು ವಿದ್ಯೆಯ ಲೋಪವೆಂದೇ ತಿಳಿಯಬೇಕಾಗುತ್ತದೆ.

ಹಿಂದೆ ರೋಣ ತಾಲೂಕಿನಲ್ಲಿಯೇ ಇದ್ದು ಇತ್ತೀಚೆಗೆ ತಾನೇ ತಾಲೂಕು ಕೇಂದ್ರವಾದ ಗಜೇಂದ್ರಗಡದ ಒಂದು ದೃಷ್ಟಾಂತ ಈ ವಿಷಯಕ್ಕೆ ಬಹು ಹತ್ತಿರದ್ದು. ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಊರು ಅದು. ಕೈಮಗ್ಗದ ನೇಕಾರನು ತನ್ನ ಮನೆಯಲ್ಲಿಯೇ ಕೆಲಸ ಮಾಡುತ್ತಾನೆ. ಹೊತ್ತು ಅವನದು, ಕೌಶಲ ಅವನದು, ಬೆವರು ಅವನದು. ಆದರೆ ನೂಲು ಬರುವುದು ಬೇರೆ ಕಡೆಯಿಂದ. ಯಾವ ಬಣ್ಣ, ಯಾವ ಅಂಚು ಎಂದು ಹೇಳುವವನು ಬೇರೊಬ್ಬನು. ನೆಯ್ದ ಸೀರೆ ಯಾವ ಬೆಲೆಗೆ ಯಾರಿಗೆ ಮಾರಿತೆಂಬುದು ಅವನಿಗೆ ತಿಳಿಯದು. ಪಕ್ಕದ ಮನೆಯ ನೇಕಾರನಿಗೆ ದೊರೆತ ಮಜೂರಿ ಎಷ್ಟೆಂಬುದೂ ತಿಳಿಯದೆ ಇರುವಷ್ಟು ಕಾಲ ಅವನು ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಳ್ಳಬೇಕು. ನೇಕಾರರ ಸಹಕಾರ ಸಂಘಗಳು ಹುಟ್ಟಿದ್ದು ಈ ಕುರುಡನ್ನು ಹೋಗಲಾಡಿಸಲೆಂದೇ. ಇಂದು ಮನೆಯಲ್ಲಿಯೇ ಕುಳಿತು ದೂರದ ಕಂಪನಿಗೆ ದುಡಿಯುವ ತಂತ್ರಾಂಶ ನೌಕರನ ಸ್ಥಿತಿಗೂ ಆ ನೇಕಾರನ ಸ್ಥಿತಿಗೂ ಸಂಬಳದ ಅಂತರವಿದೆ; ಸ್ವರೂಪದಲ್ಲಿ ಅಂತರ ಕಡಿಮೆ. ಕೆಲಸ ಎಲ್ಲಿಂದ ಬರುತ್ತದೆ, ಯಾರಿಗೆ ಹೋಗುತ್ತದೆ, ನಾಳೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಬಲ್ಲವರು ಬೇರೆಯವರು.

2020ರಲ್ಲಿ ಮಹಾಮಾರಿಯ ದೆಸೆಯಿಂದ ಊರುಗಳಿಗೆ ಮರಳಿದ ನೌಕರರು ತಿಂಗಳುಗಟ್ಟಲೆ ಹಳ್ಳಿಯ ಮನೆಯ ಪಡಸಾಲೆಯಲ್ಲಿಯೂ ಮಾಳಿಗೆಯ ಮೇಲೂ ಕುಳಿತು ಕೆಲಸ ಮಾಡಿದುದನ್ನು ಎಲ್ಲರೂ ಕಂಡಿದ್ದಾರೆ. ಒಂದೇ ಓಣಿಯಲ್ಲಿ ಒಂದೇ ವೃತ್ತಿಯ ಇಬ್ಬರಿದ್ದು ಒಬ್ಬರಿಗೊಬ್ಬರು ಅಪರಿಚಿತರಾಗಿ ಉಳಿದ ಕಾಲ ಅದು. ಊರಿಗೆ ಬಂದ ವಿದ್ಯೆಯು ಊರಿನಲ್ಲಿ ಒಂದು ಸಂಸ್ಥೆಯನ್ನು ಬಿಟ್ಟುಹೋಗದೆ ಬಸ್ಸು ಹತ್ತಿತು. ಆ ಅವಕಾಶ ಕೈತಪ್ಪಿತಾದರೂ ಅಗತ್ಯವು ಕಡಿಮೆಯಾಗಿಲ್ಲ, ಹೆಚ್ಚಿದೆ. 2025ರ ಜುಲೈಯಲ್ಲಿ ದೇಶದ ಅತಿ ದೊಡ್ಡ ತಂತ್ರಾಂಶ ಸಂಸ್ಥೆಯಾದ ಟಿ.ಸಿ.ಎಸ್. ತನ್ನ ನೌಕರವರ್ಗದ ಶೇಕಡಾ 2ರಷ್ಟನ್ನು, ಅಂದರೆ ಸುಮಾರು 12,000 ಹುದ್ದೆಗಳನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಸರ್ಕಾರಿ ನೌಕರಿಯಷ್ಟೇ ಭದ್ರವೆಂದು ಹೆಣ್ಣು ಕೊಡುವವರೂ ನಂಬಿದ್ದ ಉದ್ಯೋಗವಿದು. ಕೃತಕ ಬುದ್ಧಿಮತ್ತೆಯು ಕೆಳಗಿನ ಹಂತದ ಕೆಲಸಗಳನ್ನು ತಾನೇ ಮಾಡತೊಡಗಿರುವಾಗ, ಹೊಸದಾಗಿ ಪದವಿ ಪಡೆದ ಹಳ್ಳಿಯ ಹುಡುಗನು ಏರಬೇಕಾದ ಮೊದಲ ಮೆಟ್ಟಿಲೇ ಸವೆಯುತ್ತಿದೆ.

ಕೆಲಸ ದೊರೆಯದ ಕಡೆ ಮೋಸಗಾರರು ದೊರೆಯುತ್ತಾರೆ. ವಿದೇಶದಲ್ಲಿ ಗಣಕಯಂತ್ರದ ಕೆಲಸವೆಂದು ನಂಬಿಸಿ ಕರೆದೊಯ್ದು ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕುವ ಜಾಲಗಳು ಮ್ಯಾನ್ಮಾರ್, ಕಾಂಬೋಡಿಯಾಗಳಲ್ಲಿ ಬೆಳೆದಿವೆ. 2025ರ ಮಾರ್ಚ್ ತಿಂಗಳಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಮರಳಿ ಕರೆತರಬೇಕಾಯಿತು. ಮುಂಗಡ ಹಣ ಕೊಟ್ಟರೆ ಕಂಪನಿಯಲ್ಲಿ ಸ್ಥಾನ ಖಚಿತವೆನ್ನುವ ದಲ್ಲಾಳಿಗಳು ಊರಿನ ಸಮೀಪದಲ್ಲಿಯೇ ಇದ್ದಾರೆ. ಹೊಲ ಒತ್ತೆಯಿಟ್ಟು ಹಣ ಹೊಂದಿಸುವ ತಂದೆಗೆ ಇದು ನಿಜವೋ ಸುಳ್ಳೋ ಎಂದು ಕೇಳಲು ಒಂದು ಬಾಗಿಲು ಬೇಕು. ವೃತ್ತಿಯನ್ನು ಬಲ್ಲ ಹತ್ತು ಜನರ ಸಂಘವಿದ್ದರೆ ಆ ಬಾಗಿಲು ಇರುತ್ತದೆ. ಕೆಲಸ ಕೊಡುವವನು ಕೆಲಸಗಾರನಿಂದ ಹಣ ಕೇಳುವುದಿಲ್ಲವೆಂಬ ಒಂದು ಮಾತನ್ನು ಸಕಾಲದಲ್ಲಿ ಹೇಳಿದರೂ ಒಂದು ಮನೆತನ ಉಳಿದೀತು.

ಇರುವ ಸಂಘಗಳ ಪರಿಚಯವಾದರೂ ಎಲ್ಲರಿಗೆ ಇದೆಯೇ? ಭಾರತದ ಕಂಪ್ಯೂಟರ್ ಸೊಸೈಟಿಯು 1965ರಲ್ಲಿ ಸ್ಥಾಪನೆಯಾಯಿತು. ದೇಶದಲ್ಲಿ ಗಣಕಯಂತ್ರಗಳನ್ನು ಬೆರಳಿನಲ್ಲಿ ಎಣಿಸಬಹುದಾಗಿದ್ದ ಕಾಲವದು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಸ್ವದೇಶಿ ಗಣಕಯಂತ್ರವನ್ನು ನಿರ್ಮಿಸಿದ ತಂಡದ ಮುಂದಾಳು ಪ್ರೊ. ಆರ್. ನರಸಿಂಹನ್ನರು ಅದರ ಮೊದಲ ಅಧ್ಯಕ್ಷರು. ಯಂತ್ರಗಳು ಬರುವ ಮೊದಲೇ ಸಂಘವನ್ನು ಕಟ್ಟಿದ ಆ ಹಿರಿಯರ ದೂರದೃಷ್ಟಿ ಸ್ಮರಣೀಯ. ಯಂತ್ರವು ಪ್ರತಿಯೊಬ್ಬನ ಅಂಗೈಗೆ ಬಂದ ಮೇಲೂ ಸಂಘವಿಲ್ಲದ ತಾಲೂಕುಗಳ ಸ್ಥಿತಿ ಶೋಚನೀಯ. 1920ರಲ್ಲಿ ಹುಟ್ಟಿದ ಭಾರತೀಯ ಎಂಜಿನಿಯರುಗಳ ಸಂಸ್ಥೆಯೂ 1953ರಲ್ಲಿ ಹುಟ್ಟಿದ ಇಲೆಕ್ಟ್ರಾನಿಕ್ಸ್ ಮತ್ತು ದೂರಸಂಪರ್ಕ ಎಂಜಿನಿಯರುಗಳ ಸಂಸ್ಥೆಯೂ ಇವೆ. ಅಂತರರಾಷ್ಟ್ರೀಯ ಸಂಸ್ಥೆಯಾದ ಐ.ಇ.ಇ.ಇ.ಗೆ ಉತ್ತರ ಕರ್ನಾಟಕದ್ದೇ ಆದ ಉಪವಿಭಾಗವಿದ್ದು, 2022ರಲ್ಲಿ ಅದರ ಸಮ್ಮೇಳನವು ವಿಜಯಪುರದಲ್ಲಿ ನಡೆಯಿತು. ಇವು ವಿದ್ಯೆಯನ್ನೂ ವೃತ್ತಿಯ ಮಟ್ಟವನ್ನೂ ಕಾಯುವ ಸಂಘಗಳು.

ಹಕ್ಕುಗಳ ಪ್ರಶ್ನೆ ಬೇರೆ. ಅದಕ್ಕೆ ಕಾರ್ಮಿಕ ಸಂಘಟನೆ ಬೇಕು. ಕರ್ನಾಟಕ ರಾಜ್ಯ ಐ.ಟಿ. ನೌಕರರ ಸಂಘವು 2017ರಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾಯಿತು. 2024ರಲ್ಲಿ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ಹೆಚ್ಚಿಸಲು ಅವಕಾಶ ನೀಡುವ ಪ್ರಸ್ತಾಪ ಬಂದಾಗ ಬಹಿರಂಗವಾಗಿ ವಿರೋಧಿಸಿದ್ದು ಆ ಸಂಘವೇ. ಲಕ್ಷಾಂತರ ನೌಕರರು ಮನಸ್ಸಿನಲ್ಲಿ ಅಂದುಕೊಂಡುದನ್ನು ಹೇಳಲು ಒಂದು ಬಾಯಿ ಬೇಕಾಗಿತ್ತು. ವಿದ್ವತ್ ಸಂಘವೂ ಕಾರ್ಮಿಕ ಸಂಘವೂ ಒಂದಕ್ಕೊಂದು ವಿರುದ್ಧವಲ್ಲ. ಒಂದು ವೃತ್ತಿಯನ್ನು ಬೆಳೆಸುತ್ತದೆ, ಮತ್ತೊಂದು ವೃತ್ತಿವಂತನನ್ನು ಉಳಿಸುತ್ತದೆ. ಎರಡರಲ್ಲಿಯೂ ಇರುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಇಲ್ಲಿ ಒಂದು ಸೋಜಿಗವನ್ನು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು. 1947ರಲ್ಲಿ ಆರಂಭವಾದ ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜು, 1963ರ ಬಾಗಲಕೋಟೆಯ ಬಸವೇಶ್ವರ ಕಾಲೇಜು, 1982ರ ಗದುಗಿನ ತೋಂಟದಾರ್ಯ ಕಾಲೇಜು ಇವೇ ಮೊದಲಾದ ಎಂಜಿನಿಯರಿಂಗ್ ಕಾಲೇಜುಗಳು ಈ ಭಾಗದ ಮಕ್ಕಳನ್ನು ಎಂಜಿನಿಯರರನ್ನಾಗಿ ಮಾಡಿವೆ. ಇಂಥ ಕಾಲೇಜುಗಳಲ್ಲಿ ವೃತ್ತಿಸಂಘಗಳ ವಿದ್ಯಾರ್ಥಿ ಶಾಖೆಗಳು ಇರುವುದು ವಾಡಿಕೆ. ವಿದ್ಯಾರ್ಥಿಗಳು ರಿಯಾಯಿತಿ ಶುಲ್ಕದಲ್ಲಿ ಸದಸ್ಯರಾಗುತ್ತಾರೆ, ಒಂದೆರಡು ಪ್ರಮಾಣಪತ್ರಗಳನ್ನು ಪಡೆಯುತ್ತಾರೆ. ಪದವಿ ಮುಗಿದ ವರ್ಷ ಸದಸ್ಯತ್ವವೂ ಮುಗಿಯುತ್ತದೆ. ಸಂಘದ ಅಗತ್ಯವೇ ಇಲ್ಲದ ಕಾಲದಲ್ಲಿ ಸದಸ್ಯನಾಗಿದ್ದು, ನಿಜವಾಗಿ ಅಗತ್ಯ ಬಿದ್ದ ಕಾಲದಲ್ಲಿ ಹೊರಗುಳಿಯುವುದು ಎಂಥ ವಿವೇಕ? ಸಂಘವೆಂದರೆ ಪ್ರಮಾಣಪತ್ರ ಕೊಡುವ ಕಚೇರಿ ಎಂಬ ತಪ್ಪು ತಿಳಿವಳಿಕೆಯೇ ಇದಕ್ಕೆ ಕಾರಣ.

ಮತ್ತೊಂದು ತಪ್ಪು ತಿಳಿವಳಿಕೆಯೂ ಇದೆ. ಮಾಹಿತಿ ತಂತ್ರಜ್ಞಾನದ ನೌಕರನೆಂದರೆ ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕುಳಿತವನು ಮಾತ್ರ ಎಂದು ಭಾವಿಸುವುದು ಸರಿಯಲ್ಲ. ‘ಭೂಮಿ’ ಯೋಜನೆಯು 2000ದ ಸುಮಾರಿಗೆ ರಾಜ್ಯದ 177 ತಾಲೂಕುಗಳಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದಾಗಲೇ ತಾಲೂಕು ಕಚೇರಿಯಲ್ಲಿ ಹೊಸ ಕಾಯಕವೊಂದು ಹುಟ್ಟಿತು. ಇಂದು ಗ್ರಾಮ ಪಂಚಾಯಿತಿಯ ದತ್ತಾಂಶ ನಮೂದಕರು, ಗ್ರಾಮ ಒನ್ ಕೇಂದ್ರಗಳನ್ನು ನಡೆಸುವವರು, ಶಾಲೆಗಳ ಕಂಪ್ಯೂಟರ್ ಶಿಕ್ಷಕರು, ಟೈಪಿಂಗ್ ಮತ್ತು ತರಬೇತಿ ಕೇಂದ್ರದವರು, ಅಂತರಜಾಲದ ತಂತಿ ಎಳೆಯುವವರು, ಯಂತ್ರ ದುರಸ್ತಿ ಮಾಡುವವರು, ಸಹಕಾರ ಸಂಘದ ಲೆಕ್ಕವನ್ನು ಗಣಕದಲ್ಲಿ ಇಡುವವರು – ಇವರೆಲ್ಲರೂ ಅದೇ ವೃತ್ತಿಯ ಬಾಂಧವರು. ರೈತನಿಗೆ ಪಹಣಿ ದೊರೆಯುವುದು, ವೃದ್ಧೆಗೆ ಮಾಸಾಶನದ ಅರ್ಜಿ ತುಂಬಿಕೊಡುವುದು ಇವರ ಕೈಯಿಂದ. ಆದರೂ ಇವರಲ್ಲಿ ಅನೇಕರ ಸಂಬಳ ಅಲ್ಪ, ಹುದ್ದೆ ಅಭದ್ರ, ಕಲಿಕೆಗೆ ಅವಕಾಶ ವಿರಳ. ಬೆಂಗಳೂರಿನ ತಂತ್ರಜ್ಞನಲ್ಲಿ ಹೊಸ ಜ್ಞಾನವಿದೆ, ಊರಿನ ನಂಟು ಸಡಿಲವಾಗಿದೆ. ಊರಿನ ನಮೂದಕನಲ್ಲಿ ನಂಟಿದೆ, ಜ್ಞಾನದ ದಾರಿ ಮುಚ್ಚಿದೆ. ಇವರಿಬ್ಬರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸುವುದೇ ಸ್ಥಳೀಯ ಸಂಘವು ಮಾಡಬೇಕಾದ ಮೊದಲ ಕೆಲಸ. ದೊಡ್ಡ ನಗರದ ಶಾಖೆಗಳು ಇದನ್ನು ಮಾಡಲಾರವು.

ಅಂಥ ಸಂಘವು ಆಚರಣೆಯಲ್ಲಿ ಏನು ಮಾಡಬಹುದು? ತಿಂಗಳಿಗೊಮ್ಮೆ ಕನ್ನಡದಲ್ಲಿ ಒಂದು ಉಪನ್ಯಾಸವನ್ನು ಏರ್ಪಡಿಸಬಹುದು. ನೇಮಕಾತಿ ಪತ್ರ, ಬಾಂಡ್, ರಾಜೀನಾಮೆಯ ಮುನ್ಸೂಚನೆಯ ಅವಧಿ ಇವುಗಳ ಷರತ್ತುಗಳನ್ನು ಸಹಿ ಹಾಕುವ ಮೊದಲು ಓದಿ ತಿಳಿಸಬಹುದು. ಕೆಲಸ ಬದಲಿಸಿದಾಗಲೆಲ್ಲ ಭವಿಷ್ಯ ನಿಧಿಯನ್ನು ಹಿಂಪಡೆದು ಖರ್ಚು ಮಾಡುವ ಅಭ್ಯಾಸದ ಹಾನಿಯನ್ನು ಮನಗಾಣಿಸಬಹುದು. ಸೈಬರ್ ವಂಚನೆಗೆ ಒಳಗಾದವರು ತಡಮಾಡದೆ 1930ಕ್ಕೆ ದೂರು ಕೊಡಬೇಕೆಂಬುದನ್ನು ಹಳ್ಳಿಹಳ್ಳಿಗೂ ತಲುಪಿಸಬಹುದು. ಮದುವೆಯ ಬಳಿಕ ನೌಕರಿ ಬಿಟ್ಟು ಊರಿನಲ್ಲಿ ನೆಲೆಸಿದ ವಿದ್ಯಾವಂತ ಸ್ತ್ರೀಯರಿಗೆ ಮರಳಿ ವೃತ್ತಿಗೆ ಬರುವ ದಾರಿಯನ್ನು ತೋರಿಸಬಹುದು. ಈ ಒಂದು ಕೆಲಸವನ್ನು ಮಾಡಿದರೂ ಸಂಘ ಸಾರ್ಥಕವಾದೀತು. 2022ರಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಯಂತ್ರವನ್ನು ಸರ್ಕಾರವು ಕೊಟ್ಟೀತು. ಅದರ ಮುಂದೆ ಕುಳಿತ ಕಾರ್ಯದರ್ಶಿಗೆ ಪಕ್ಕದಲ್ಲಿ ನಿಂತು ಕಲಿಸುವವರು ಊರಿನವರೇ ಆಗಬೇಕು. ಕಣಗಿನಹಾಳದ ಪರಂಪರೆಯ ಸಂಘಗಳಿಗೆ ಈ ಸೇವೆ ಸಲ್ಲಿಸುವುದು ದಾಸೋಹವಲ್ಲದೆ ಮತ್ತೇನು? ಇಂಥ ಸೇವೆಗೆ ಮಾದರಿಯೂ ಇದೆ. ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶವನ್ನು ರೂಪಿಸಿ ನಾಡಿಗೆ ಒದಗಿಸಿದ್ದು ಭಾಷೆಯನ್ನೂ ಯಂತ್ರವನ್ನೂ ಬಲ್ಲವರು ಕೂಡಿದ್ದರಿಂದಲೇ.

ಆಕ್ಷೇಪಗಳು ಇಲ್ಲದೆ ಇಲ್ಲ. ಬಿಡುವಿಲ್ಲವೆಂಬುದು ಮೊದಲನೆಯದು. ಆದರೆ ಬಿಡುವಿಲ್ಲದಂತೆ ದುಡಿಸಿಕೊಳ್ಳಲ್ಪಡುತ್ತಿರುವವನಿಗೇ ಸಂಘದ ಅಗತ್ಯ ಹೆಚ್ಚು. ಮಾಲೀಕರು ಮುನಿದಾರೆಂಬುದು ಎರಡನೆಯದು. ಈ ಭಯ ನಿರಾಧಾರವೆಂದು ಹೇಳಲಾಗದು. ಆದುದರಿಂದಲೇ ವಿದ್ಯೆಯ ಸಂಘದಿಂದ ಆರಂಭಿಸುವುದು ಸುಲಭದ ದಾರಿ. ವಾಟ್ಸಾಪ್ ಗುಂಪುಗಳಿರುವಾಗ ಸಂಘವೇಕೆಂಬುದು ಮೂರನೆಯದು. ಗುಂಪಿಗೂ ಸಂಘಕ್ಕೂ ಇರುವ ಅಂತರವು ಸಂತೆಗೂ ಊರಿಗೂ ಇರುವ ಅಂತರದಂಥದು. ಸಂತೆಯಲ್ಲಿ ಜನರು ಸೇರುತ್ತಾರೆ, ಚದುರುತ್ತಾರೆ, ಊರಿನಲ್ಲಿ ಬಾಳುತ್ತಾರೆ. ಸಂಘಕ್ಕೆ ನಿಯಮಾವಳಿಯಿದೆ, ಸಭೆಯ ನಡಾವಳಿಯಿದೆ, ಪೈಪೈಗೂ ಲೆಕ್ಕವಿದೆ, ಅವಧಿ ಮುಗಿದೊಡನೆ ಕುರ್ಚಿ ಬಿಡುವ ಪದಾಧಿಕಾರಿಗಳಿರಬೇಕು. ವರ್ಷಾನುಗಟ್ಟಲೆ ಒಬ್ಬರೇ ಅಧ್ಯಕ್ಷರಾಗಿ ಮೆರೆದು ಸನ್ಮಾನ ಸಮಾರಂಭಗಳಲ್ಲಿ ಮುಗಿದುಹೋದ ಸಂಘಗಳು ಎಲ್ಲ ಕ್ಷೇತ್ರಗಳಲ್ಲಿಯೂ ಉಂಟು. ಗಣಕ ಕಾಯಕದವರು ಆ ಹಾದಿಯನ್ನು ತುಳಿಯಬಾರದು.

ಇನ್ನೊಂದು ಮಾತನ್ನು, ಅದು ಮಠದ ಸಂಚಿಕೆಯಲ್ಲಿ ಬರುತ್ತಿರುವುದರಿಂದಲೇ, ಒತ್ತಿ ಹೇಳಬೇಕಾಗಿದೆ. ತರುಣರು ನಗರದಲ್ಲಿ ಕಷ್ಟಕ್ಕೆ ಸಿಕ್ಕಾಗ ಮೊದಲು ನೆನೆಯುವುದು ತಮ್ಮ ಜಾತಿಯ ಸಂಘವನ್ನು. ಅದು ವಸತಿಗೂ ವಧೂವರರ ಶೋಧಕ್ಕೂ ನೆರವಾದೀತು, ವೃತ್ತಿಯ ನ್ಯಾಯಕ್ಕೆ ಸಾಲದು. ಕೆಲಸದ ಒಪ್ಪಂದಕ್ಕೆ ಜಾತಿಯಿಲ್ಲ. ಕೆಲಸದಿಂದ ತೆಗೆದುಹಾಕುವ ಪತ್ರಕ್ಕೂ ಜಾತಿಯಿಲ್ಲ. ಹರಳಯ್ಯನನ್ನೂ ಮಾಚಯ್ಯನನ್ನೂ ಸರಿಸಮನಾಗಿ ಕೂಡಿಸಿದ ಪರಂಪರೆಯ ವಾರಸುದಾರರು ಕಟ್ಟುವ ವೃತ್ತಿಸಂಘದ ಬಾಗಿಲು ಎಲ್ಲ ಜಾತಿ ಮತಗಳ, ಸ್ತ್ರೀ ಪುರುಷರೆಂಬ ಭೇದವಿಲ್ಲದ ಎಲ್ಲ ಕಾಯಕಜೀವಿಗಳಿಗೆ ತೆರೆದಿರಬೇಕು. ಇಲ್ಲವಾದರೆ ಅದನ್ನು ಕಟ್ಟದಿರುವುದೇ ಲೇಸು.

ಈ ಕಾರ್ಯದಲ್ಲಿ ಶಾಲೆಯ ಪಾತ್ರ ಹಿರಿದು. ಮೂರೂ ತಾಲೂಕುಗಳಲ್ಲಿ ಎಲ್ಲರೂ ಸಂಕೋಚವಿಲ್ಲದೆ ಬಂದು ಕೂಡಬಹುದಾದ ಸ್ಥಳವೆಂದರೆ ತಾವು ಓದಿದ ಶಾಲೆ. ಭಾನುವಾರ ಬೀಗ ಹಾಕಿರುವ ಕಂಪ್ಯೂಟರ್ ಕೋಣೆಯನ್ನು ತಿಂಗಳಿಗೊಮ್ಮೆ ತೆರೆದುಕೊಟ್ಟರೆ ಸಂಘಕ್ಕೆ ಕಟ್ಟಡವೇ ಬೇಕಿಲ್ಲ. ಶಿಕ್ಷಕರು ಹಳೆಯ ಹಾಜರಿ ಪುಸ್ತಕಗಳನ್ನು ನೋಡಿ, ಯಾವ ವಿದ್ಯಾರ್ಥಿ ಈಗ ಎಲ್ಲಿ ಯಾವ ಕೆಲಸದಲ್ಲಿದ್ದಾನೆಂದು ಅವರವರ ಒಪ್ಪಿಗೆಯೊಡನೆ ಒಂದು ಪಟ್ಟಿ ಮಾಡಬಹುದು. ದಾನಿಗಳು ಗೋಡೆಯ ಮೇಲೆ ಹೆಸರು ಕೆತ್ತಿಸುವ ಕಲ್ಲಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಹೊಸ ಪದವೀಧರರ ಮೊದಲ ವರ್ಷದ ಸದಸ್ಯತ್ವ ಶುಲ್ಕಕ್ಕೆ ಮೀಸಲಿಟ್ಟರೆ ಅದು ಕಲ್ಲಿಗಿಂತ ಹೆಚ್ಚು ಕಾಲ ಬಾಳುತ್ತದೆ. ನಗರದಲ್ಲಿರುವ ಹಳೆಯ ವಿದ್ಯಾರ್ಥಿಗಳು ಜಾತ್ರೆಗೆ ಬಂದಾಗ ತೇರಿಗೆ ಉತ್ತತ್ತಿ ಎಸೆದು ಹೋಗುವುದರ ಜೊತೆಗೆ ಅರ್ಧ ದಿನ ಕಿರಿಯರೊಡನೆ ಕುಳಿತುಕೊಳ್ಳಲಿ.

ಸಂಘವೊಂದನ್ನು ನೋಂದಾಯಿಸಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯು ಕೇಳುವುದು 7 ಜನರನ್ನು ಮಾತ್ರ. ಬೆಳಗಾವಿಯಲ್ಲಿ 1916ರಲ್ಲಿ ಕೂಡಿದವರೂ 7 ಜನರೇ. ಅವರ ಬಳಿ ಹಣವಿರಲಿಲ್ಲ, ಅಧಿಕಾರವಿರಲಿಲ್ಲ, ಶಿಕ್ಷಕನ ಸಂಬಳವೊಂದಿತ್ತು. ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಮನಸ್ಸು ಮಾಡುವ 7 ಜನ ಗಣಕ ಕಾಯಕಜೀವಿಗಳು ಇಲ್ಲವೆಂದರೆ ಯಾರೂ ನಂಬರು. ಅವರು ಮುಂದೆ ಬರಲಿ. ಶಾಲೆಯು ಬಾಗಿಲು ತೆರೆಯಲಿ. ಹಿರಿಯರ ಆಶೀರ್ವಾದ ಅವರ ಮೇಲಿರಲಿ.